ಹಾರಿಸದ ಕೋವಿಯ ಕಾವಲು

ಮೊಮ್ಮಗಳು: ಅಜ್ಜ, ನಮ್ಮ ಜೋಡುನಳಿಗೆ ಕೋವಿಯಿಂದ ಒಂದೇ ಒಂದು ಈಡು ಹಾರಿದ್ದನ್ನು ನಾನು ನೋಡಿಲ್ಲ. ಅಪ್ಪನೂ ನೋಡಿಲ್ಲವಂತೆ. ಆದರೂ ನೀವು ಅದನ್ನು ಮಾರಲಿಲ್ಲ, ಯಾರಿಗೂ ಕೊಡಲಿಲ್ಲ. ಈಗ ನನಗೆ ಒಪ್ಪಿಸುತ್ತೇನೆ ಎನ್ನುತ್ತೀರಿ. ತೆಗೆದುಕೊಳ್ಳುವ ಮೊದಲು ನನಗೊಂದು ಮಾತು ತಿಳಿಯಬೇಕು. ಹಾರಿಸುವುದಿಲ್ಲ ಎಂದ ಮೇಲೆ ಕೋವಿಯನ್ನು ಇಟ್ಟುಕೊಳ್ಳುವುದಾದರೂ ಯಾಕೆ?

ಅಜ್ಜ: ಕೇಳದೆ ಕೈಚಾಚಿದ್ದರೆ ನಾನೇ ಕೊಡುತ್ತಿರಲಿಲ್ಲ. ಕೊಡಗಿನಲ್ಲಿ ಕೋವಿಗೆ ಬೇಟೆಯಷ್ಟೇ ಕೆಲಸವಲ್ಲ, ಮಗಳೇ. ಗಂಡು ಮಗು ಹುಟ್ಟಿದರೆ ಆಕಾಶಕ್ಕೆ ಒಂದು ಗುಂಡು. ಸಾವಾದರೆ ಒಂದರ ಹಿಂದೊಂದು ಎರಡು ಗುಂಡು. ಗದ್ದೆಯಾಚೆಯ ಮನೆಯವರು ಸದ್ದು ಎಣಿಸಿ, ಹಿಡಿದ ಕೆಲಸ ಬಿಟ್ಟು ಹೊರಟು ಬರುತ್ತಿದ್ದರು. ಒಂದು ಮನೆ ಈ ಗುಡ್ಡದಲ್ಲಿ, ಇನ್ನೊಂದು ಆ ಕಣಿವೆಯಲ್ಲಿ ಇರುವ ನಾಡಿನಲ್ಲಿ ಸುದ್ದಿ ಮುಟ್ಟಿಸಲು ಬೇರೆ ದಾರಿ ಇರಲಿಲ್ಲ. ಸುಗ್ಗಿಹಬ್ಬ ಹುತ್ತರಿಯ ರಾತ್ರಿ ಮೊದಲ ಕದಿರು ಕೊಯ್ಯುವಾಗಲೂ ಒಂದು ಗುಂಡು ಹಾರಬೇಕು. ಹುಟ್ಟು, ಸಾವು, ಬೆಳೆ, ಈ ಮೂರನ್ನೂ ಊರಿಗೆ ಸಾರಿದ್ದು ಕೋವಿಯೇ.

ಮೊಮ್ಮಗಳು: ಗಂಡು ಮಗುವಿಗೆ ಮಾತ್ರ ಗುಂಡು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಅಜ್ಜ: ನಾನೂ ಒಪ್ಪಲಿಲ್ಲ. ನೀನು ಹುಟ್ಟಿದ ದಿನ ಅಂಗಳದಲ್ಲಿ ನಿಂತು ನಾನೇ ಹಾರಿಸಿದ್ದೇನೆ. ಆದರೆ ಈ ಕೋವಿಯಿಂದಲ್ಲ, ನೆರೆಮನೆಯ ಹೊಸ ಕೋವಿಯಿಂದ. ನಮ್ಮದು ಒಳಗೆ, ಮನೆಯ ನಡುಕೋಣೆಯಾದ ನೆಲ್ಲಕ್ಕಿ ನಡುಬಾಡೆಯಲ್ಲಿ ದೀಪದ ಹತ್ತಿರ ಇತ್ತು. ಆಯುಧ ಪೂಜಿಸುವ ಹಬ್ಬ ಕೈಲ್ ಪೊಳ್ದಿಗೂ ಅದು ಹೊರಡುವುದು ಅಲ್ಲಿಯವರೆಗೆ ಮಾತ್ರ. ನಾಟಿಯ ತಿಂಗಳುಗಳಲ್ಲಿ ಆಯುಧಗಳಿಗೆ ಬಿಡುವು. ಗದ್ದೆ ಕೆಲಸ ಮುಗಿದು ಸೆಪ್ಟೆಂಬರ್ 3ರ ಹೊತ್ತಿಗೆ ಹಬ್ಬ ಬಂದಾಗ ಕೋವಿ, ಒಡಿಕತ್ತಿ, ಪೀಚೆಕತ್ತಿ ಎಲ್ಲವನ್ನೂ ಒರೆಸಿ, ತೋಕ್ ಪೂ ಎನ್ನುವ ಕೋವಿ ಹೂ ಸಿಕ್ಕಿಸಿ, ದೀಪದೆದುರು ಇಟ್ಟು ಕೈ ಮುಗಿಯುತ್ತೇವೆ. ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುರಿ ಹೊಡೆಯಲು ಹೋಗುವುದು ಬೇರೆ ಕೋವಿಗಳು.

ಮೊಮ್ಮಗಳು: ಹಾಗಾದರೆ ಅದು ದೇವರ ಕೋಣೆಯ ವಸ್ತುವಾಗಿಬಿಟ್ಟಿದೆ. ಹಬ್ಬದ ದಿನ ಒಂದೇ ಒಂದು ಈಡು ಹೊಡೆದರೆ ಏನಾಗುತ್ತದೆ? ಕೀಲುಗಳೆಲ್ಲ ಈಗಲೂ ಸಲೀಸಾಗಿ ಆಡುತ್ತವಲ್ಲ?

ಅಜ್ಜ: ಕೀಲು ಆಡುವುದು ಬೇರೆ, ನಳಿಗೆ ತಡೆಯುವುದು ಬೇರೆ. ನಳಿಗೆಯ ಮೇಲೆ ಅಲೆಅಲೆಯಾಗಿ ಗೆರೆಗಳಿವೆ, ನೋಡಿದ್ದೀಯಾ?

ಮೊಮ್ಮಗಳು: ನೋಡಿದ್ದೇನೆ. ಕೆತ್ತನೆ ಅಂದುಕೊಂಡಿದ್ದೆ.

ಅಜ್ಜ: ಕೆತ್ತನೆಯಲ್ಲ, ಅದು ಲೋಹದ್ದೇ ಗುರುತು. ಕಬ್ಬಿಣದ ಸರಳು, ಉಕ್ಕಿನ ಸರಳು ಪಕ್ಕಪಕ್ಕ ಇಟ್ಟು, ಕಾಯಿಸಿ ಬೆಸೆದು, ಹಗ್ಗ ಹೊಸೆದ ಹಾಗೆ ತಿರುಚುತ್ತಿದ್ದರು. ಆ ಪಟ್ಟಿಯನ್ನು ಒಂದು ಕಂಬಿಯ ಸುತ್ತ ಸುರುಳಿ ಸುತ್ತಿ, ಮತ್ತೆ ಕೆಂಪಗೆ ಕಾಯಿಸಿ ಸುತ್ತಿಗೆಯಿಂದ ಬಡಿದು ಒಂದೇ ಕೊಳವೆ ಮಾಡುತ್ತಿದ್ದರು. ಡಮಾಸ್ಕಸ್ ನಳಿಗೆ ಎಂದು ಅದಕ್ಕೆ ಹೆಸರು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ, ಬೆಲ್ಜಿಯಂನ ಲಿಯೇಜಿನಲ್ಲಿ 19ನೇ ಶತಮಾನದುದ್ದಕ್ಕೂ ಈ ಕೆಲಸ ಮಾಡಿ ಬದುಕಿದ ಕಮ್ಮಾರರ ಬೀದಿಗಳೇ ಇದ್ದವು. ಒಂದೊಂದು ಸುರುಳಿಯೂ ಒಂದೊಂದು ಬೆಸುಗೆ. ಆ ಬೆಸುಗೆಗಳ ನಡುವೆ ಕೂದಲೆಳೆಯಷ್ಟು ಕಸರು ಉಳಿದಿದ್ದರೂ ನೂರು ಮಳೆಗಾಲದ ತೇವ ಅಲ್ಲಿ ಒಳಗಿಂದೊಳಗೆ ತುಕ್ಕು ತಿನ್ನಿಸಿರುತ್ತದೆ. ಹೊರಗೆ ಹೊಳೆಯುವ ನಳಿಗೆ ಒಳಗೆ ಎಷ್ಟು ಉಳಿದಿದೆ ಎಂದು ಕಣ್ಣಿನಿಂದ ಹೇಳಲು ಆಗುವುದಿಲ್ಲ.

ಮೊಮ್ಮಗಳು: ಆ ಕಾಲದಲ್ಲೇ ಪರೀಕ್ಷೆ ಮಾಡಿ ಮುದ್ರೆ ಹಾಕಿರುತ್ತಾರಲ್ಲ?

ಅಜ್ಜ: ಹಾಕಿದ್ದಾರೆ. ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸ್ 1813ರಿಂದ ಇದೆ. ಸಾಮಾನ್ಯ ತೋಟೆಗಿಂತ ಹೆಚ್ಚು ಮದ್ದು ತುಂಬಿ ಹಾರಿಸಿ, ನಳಿಗೆ ತಾಳಿದರೆ ಮಾತ್ರ ಮುದ್ರೆ ಒತ್ತುತ್ತಾರೆ. ಆದರೆ ಯಾವ ಮದ್ದಿಗೆ ಪರೀಕ್ಷೆ? ನಮ್ಮದು ಕರಿಮದ್ದಿನ ಕಾಲದ್ದು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಯ್ ಸೈನ್ಯದ ರೈಫಲಿಗೆ ಹೊಗೆಯಿಲ್ಲದ ಮದ್ದು ಮಾಡಿಕೊಟ್ಟ ಮೇಲೆ ಲೋಕದ ಕೋವಿಗಳೆಲ್ಲ ಮೆಲ್ಲಗೆ ಆ ಕಡೆ ತಿರುಗಿದವು. ಹೊಸ ಮದ್ದು ಉರಿಯುವ ಬಗೆ ಬೇರೆ, ನಳಿಗೆಯ ಉದ್ದಕ್ಕೂ ಅದರ ಒತ್ತಡ ಬೀಳುವ ಬಗೆ ಬೇರೆ. ಅದಕ್ಕೆ ತಾಳುವ ಕೋವಿಗೆ ‘ನೈಟ್ರೋ ಪ್ರೂಫ್’ ಎಂದು ಬೇರೆಯದೇ ಮುದ್ರೆ. ನಮ್ಮ ಕೋವಿಯಲ್ಲಿ ಅದಿಲ್ಲ. ಇನ್ನೂ ಒಂದು ಮಾತಿದೆ. ಹಳೆಯ 12 ಬೋರ್ ಕೋವಿಗಳ ತೋಟೆಮನೆ ಎರಡೂವರೆ ಇಂಚಿನದು. ಈಗ ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ ತೋಟೆ ಹಾರಿದ ಮೇಲೆ ಬಾಯಿ ಬಿಚ್ಚಿ ಎರಡೂ ಮುಕ್ಕಾಲು ಇಂಚಾಗುತ್ತದೆ. ಹಾಕುವಾಗ ಸಲೀಸಾಗಿ ಕೂರುತ್ತದೆ, ಹಾರುವಾಗ ಬಾಯಿ ಬಿಚ್ಚಲು ಜಾಗ ಸಾಲದು, ಒತ್ತಡ ಏರಿಬಿಡುತ್ತದೆ. ‘ಕೂತಿತಲ್ಲ, ಹೊಡಿ’ ಎನ್ನುವವನ ಎಡಗೈ ಇರುವುದು ಸರಿಯಾಗಿ ನಳಿಗೆಯ ಕೆಳಗೆ.

ಮೊಮ್ಮಗಳು: ಇಷ್ಟು ತಿಳಿದ ಮೇಲೆ ನನ್ನ ಪ್ರಶ್ನೆ ಇನ್ನೂ ಗಟ್ಟಿಯಾಯಿತು. ಹಾರಿಸಲು ಆಗದು, ಇಟ್ಟರೆ ಅಪಾಯ. ಮ್ಯೂಸಿಯಂಗೆ ಕೊಟ್ಟರೆ ನಾಲ್ಕು ಜನ ನೋಡುತ್ತಾರೆ, ಗಾಜಿನ ಹಿಂದೆ ಭದ್ರವಾಗಿಯೂ ಇರುತ್ತದೆ.

ಅಜ್ಜ: ನೋಡುವವನಿಲ್ಲದ ಮನೆಯಲ್ಲಿ ಅದೇ ಸರಿ. ಮೂಲೆಯಲ್ಲಿ ತುಕ್ಕು ಹಿಡಿದು, ಒಂದು ದಿನ ಗುಜರಿಗೋ ಕಳ್ಳನ ಕೈಗೋ ಹೋಗುವುದಕ್ಕಿಂತ ಮ್ಯೂಸಿಯಂ ಸಾವಿರ ಪಾಲು ಮೇಲು. ಆದರೆ ಮ್ಯೂಸಿಯಂ ಏನು ಉಳಿಸುತ್ತದೆ, ಏನು ಉಳಿಸಲಾರದು ಎನ್ನುವುದನ್ನೂ ನೋಡಬೇಕು. ಟಿಪ್ಪುವಿನ ಕೋವಿಗಳನ್ನೇ ತೆಗೆದುಕೋ. ಅವನ ಕಾರ್ಖಾನೆಗಳಲ್ಲಿ ನಮ್ಮದೇ ಕಸುಬುದಾರರು ಮಾಡಿದವು. ಹುಲಿಯ ಮುಖ, ಹುಲಿಯ ಪಟ್ಟೆ, ಬೆಳ್ಳಿಯ ಕುಸುರಿ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಲೂಟಿಯ ಪಾಲಾಗಿ ಎಷ್ಟೋ ಕೋವಿಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ಚೆನ್ನಾಗಿಯೇ ಇವೆ. ಮಾಡಿಸಿದವನ ಹೆಸರು ಫಲಕದಲ್ಲಿದೆ. ಹಿಡಿದು ಕೋಟೆಯ ಗೋಡೆಯ ಮೇಲೆ ನಿಂತ ಸಿಪಾಯಿ ಯಾರು, ಅವನ ಮಕ್ಕಳಿಗೆ ಏನಾಯಿತು ಎಂದು ಯಾವ ಫಲಕ ಹೇಳುತ್ತದೆ? ನಮ್ಮ ಕೋವಿ ಕಲೆಯ ಲೆಕ್ಕದಲ್ಲಿ ಸಾಧಾರಣದ್ದು. ಅದರ ಬೆಲೆಯಿರುವುದು ಯಾರು ಹಿಡಿದರು, ಯಾವಾಗ, ಯಾವುದಕ್ಕೆ ಎನ್ನುವ ತಿಳಿವಳಿಕೆಯಲ್ಲಿ. ಆ ತಿಳಿವಳಿಕೆ ಸದ್ಯಕ್ಕೆ ಇರುವುದು ಈ ಮನೆಯಲ್ಲಿ, ನನ್ನ ತಲೆಯಲ್ಲಿ.

ಮೊಮ್ಮಗಳು: ಆ ತಿಳಿವಳಿಕೆಯಲ್ಲಿ ನನಗೆ ಕಸಿವಿಸಿಯಾಗುವ ಸಂಗತಿಯೂ ಒಂದಿದೆ. ಬೆಂಗಳೂರಿನಲ್ಲಿ ಗೆಳತಿಯರು ಕೇಳುತ್ತಾರೆ, ‘ನಿಮಗೆ ಮಾತ್ರ ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಳ್ಳುವ ಹಕ್ಕು ಯಾಕೆ?’ ಎಂದು. ದೇಶವನ್ನೆಲ್ಲ ನಿರಾಯುಧ ಮಾಡಿದ ಬ್ರಿಟಿಷರು ಕೊಡವರಾದ ನಮಗೆ ಮಾತ್ರ ಬಿಟ್ಟುಕೊಟ್ಟರು. ಅವರಿಗೆ ನಿಷ್ಠರಾಗಿದ್ದೆವು ಎನ್ನುವ ಕಾರಣಕ್ಕೆ ಸಿಕ್ಕಿದ ಬಹುಮಾನ ಅದು. ಹೆಮ್ಮೆಪಡುವುದು ಹೇಗೆ?

ಅಜ್ಜ: ಬಹುಮಾನವೇ ಹೌದು, ಅದನ್ನು ಮುಚ್ಚಿಡಬಾರದು. 1834ರಲ್ಲಿ ಅರಸ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕಂಪನಿ ಕೊಡಗನ್ನು ತೆಗೆದುಕೊಂಡಿತು. 1857ರ ದಂಗೆಯ ಬಳಿಕ ಆಯುಧ ಕಿತ್ತುಕೊಳ್ಳುವ ಕಾನೂನು ಬಂತು. 1861ರಲ್ಲಿ ಮೈಸೂರು–ಕೊಡಗುಗಳ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟ. ಇಂಡಿಯಾದವರು ಲೈಸೆನ್ಸ್ ಇಲ್ಲದೆ ಆಯುಧ ಹಿಡಿಯಬಾರದು ಎಂದು 1878ರಲ್ಲಿ ಕಾಯ್ದೆ ಬಂದಾಗಲೂ ವಿನಾಯಿತಿ ಉಳಿಯಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯಡಿಯೂ ಮುಂದುವರಿಯಿತು. ಆದರೆ ನಿನ್ನ ಗೆಳತಿಯರಿಗೆ ಇನ್ನೆರಡು ಮಾತು ಹೇಳು. ವಿನಾಯಿತಿ ಕೊಡವರಿಗೆ ಮಾತ್ರವಲ್ಲ, ಕೊಡಗಿನಲ್ಲಿ ಜಮ್ಮಾ ಎನ್ನುವ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೆಲ್ಲ ಇದೆ, ಅವರು ಯಾವ ಜಾತಿಯವರಾದರೂ ಸರಿ. ಎರಡನೆಯದು, ಅದು ಶಾಶ್ವತವಲ್ಲ. 2019ರಲ್ಲಿ ಕೇಂದ್ರ ಗೃಹ ಇಲಾಖೆ ಹತ್ತು ವರ್ಷಕ್ಕೆ ವಿಸ್ತರಿಸಿದ್ದು 2029ರ ಅಕ್ಟೋಬರ್ 31ರವರೆಗೆ. ಅದನ್ನು ಪ್ರಶ್ನಿಸಿದ ಅರ್ಜಿ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯ 2021ರ ಸೆಪ್ಟೆಂಬರಿನಲ್ಲಿ ವಿನಾಯಿತಿಯನ್ನು ಎತ್ತಿಹಿಡಿಯಿತು. ಪ್ರಶ್ನಿಸಿದ್ದು ತಪ್ಪಲ್ಲ. ಮಲೆನಾಡಿನ, ಕರಾವಳಿಯ ರೈತ ಹಂದಿಯ ಕಾಟಕ್ಕೆಂದು ಲೈಸೆನ್ಸ್ ಮಾಡಿಸಿ, ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿಟ್ಟು ಬರುತ್ತಾನೆ. ಅವನಿಗಿಲ್ಲದ ಸಲೀಸು ನಮಗಿದೆ ಎಂದಾದರೆ, ಅವನಿಗಿಂತ ಹೆಚ್ಚು ಎಚ್ಚರವೂ ನಮಗಿರಬೇಕು. ಕಬ್ಬನ್ ಬರೆದ ಕಾಗದದ ಮೇಲೆ ನನಗೆ ಹೆಮ್ಮೆಯಿಲ್ಲ. ಕೊಟ್ಟವನು ಯಾರೇ ಆಗಲಿ, ಇಷ್ಟು ತಲೆಮಾರು ಅದನ್ನು ಕೆಡಿಸದೆ ನಡೆದುಕೊಂಡವರ ಮೇಲೆ ಗೌರವವಿದೆ.

ಮೊಮ್ಮಗಳು: ಎಲ್ಲರೂ ಕೆಡಿಸದೆ ನಡೆದುಕೊಂಡಿದ್ದಾರೆಯೇ? ಗಡಿ ತಕರಾರಿನಲ್ಲಿ ಅಣ್ಣತಮ್ಮಂದಿರ ನಡುವೆ ಕೋವಿ ಎದ್ದ ಸುದ್ದಿ ನಾವೂ ಓದುತ್ತೇವೆ. ಮನಸ್ಸು ಮುರಿದವರ ಕೈಗೆ ಮನೆಯ ಕೋವಿ ಸಿಕ್ಕ ಸುದ್ದಿಯೂ ಬರುತ್ತದೆ. ಪೂಜೆ ಮಾಡಿದ ಕೋವಿ ಎಂದು ಅದು ಅಂಥ ಹೊತ್ತಿನಲ್ಲಿ ಸುಮ್ಮನಿರುವುದಿಲ್ಲ, ಅಜ್ಜ.

ಅಜ್ಜ: ಇರುವುದಿಲ್ಲ. ಈ ಮಾತನ್ನು ನೀನು ಎತ್ತಿದ್ದು ಒಳ್ಳೆಯದಾಯಿತು. ಕೋವಿ ಇಟ್ಟುಕೊಂಡವರು ಎಲ್ಲಕ್ಕಿಂತ ಕಡಿಮೆ ಆಡುವ ಮಾತು ಇದೇ. ಹಿಂದೆ ಕೋವಿ ಗೋಡೆಯ ಗೂಟದಲ್ಲಿ ನೇತಾಡುತ್ತಿತ್ತು, ತೋಟೆ ಪಕ್ಕದ ಗೂಡಿನಲ್ಲಿ. ಈಗ ಹಾಗಲ್ಲ. ಕೋವಿ ಒಂದು ಬೀಗದಲ್ಲಿ, ಬಿಚ್ಚಿದ ಭಾಗ ಇನ್ನೊಂದು ಬೀಗದಲ್ಲಿ. ಈ ಕೋವಿಗೆ ಹೊಂದುವ ಒಂದು ತೋಟೆಯೂ ಈ ಮನೆಯಲ್ಲಿಲ್ಲ. ಮನೆಯಲ್ಲಿ ಜಗಳವೆದ್ದರೆ, ಯಾರಾದರೂ ದುಃಖದಲ್ಲಿ ಮುಳುಗಿದ್ದಾರೆ ಎಂದು ಗೊತ್ತಾದರೆ, ಕೋವಿಯನ್ನು ಮನೆಯಿಂದಲೇ ಹೊರಗೆ, ಕಾನೂನು ಒಪ್ಪುವ ಜಾಗದಲ್ಲಿ ಇಡಿಸಬೇಕು. ‘ಏನೂ ಆಗುವುದಿಲ್ಲ ಬಿಡು’ ಎನ್ನುವ ನಂಬಿಕೆ ಅಲ್ಲಿ ಸಲ್ಲದು. ಹಬ್ಬಕ್ಕೂ ಇದೇ ನಿಯಮ. ಕುಡಿದ ಕೈ ಕೋವಿ ಮುಟ್ಟಬಾರದು. 2019ರ ತಿದ್ದುಪಡಿಯ ಪ್ರಕಾರ ಸಂಭ್ರಮಕ್ಕೆಂದು ಜೀವಕ್ಕೆ ಅಪಾಯವಾಗುವ ಹಾಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸಜೆ, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಕಾನೂನು ಬರುವ ಮೊದಲೂ ನಮ್ಮ ಹಿರಿಯರು ಇದನ್ನೇ ಹೇಳುತ್ತಿದ್ದರು. ಮೇಲೆ ಹೋದದ್ದು ಕೆಳಗೆ ಎಲ್ಲೋ ಬೀಳಲೇಬೇಕು.

ಮೊಮ್ಮಗಳು: ಆ ತಿದ್ದುಪಡಿಯಿಂದಲೇ ಅಲ್ಲವೇ ಲೈಸೆನ್ಸ್ ಇರುವವರಿಗೆ ಮೂರರ ಬದಲು ಎರಡೇ ಕೋವಿ ಎಂದಾದದ್ದು?

ಅಜ್ಜ: ಹೌದು. ಪಿತ್ರಾರ್ಜಿತವಾಗಿ ಬಂದದ್ದಕ್ಕೂ ಅದೇ ಮಿತಿ. ಹೆಚ್ಚಿದ್ದವರು ಒಂದು ವರ್ಷದೊಳಗೆ ಠಾಣೆಗೋ ಲೈಸೆನ್ಸ್ ಇರುವ ಅಂಗಡಿಗೋ ಒಪ್ಪಿಸಬೇಕಾಯಿತು. ಯಾವುದನ್ನು ಬಿಡುವುದು? ಕೆಲಸಕ್ಕೆ ಬರುವ ಹೊಸ ಕೋವಿಯನ್ನೋ, ಅಜ್ಜನ ಕಾಲದ ಹಾರದ ಕೋವಿಯನ್ನೋ? ಲೈಸೆನ್ಸ್ ನಂಬಿದ ಎಷ್ಟೋ ಮನೆಗಳಲ್ಲಿ ಆ ಪ್ರಶ್ನೆ ಎದ್ದಿತು. ಯಾರು ಯಾವುದನ್ನು ಉಳಿಸಿಕೊಂಡರು ಎನ್ನುವುದರ ಮೇಲೆ ಅವರು ಕೋವಿಯಲ್ಲಿ ಏನನ್ನು ಕಾಣುತ್ತಿದ್ದರು ಎಂದು ತಿಳಿಯುತ್ತದೆ.

ಮೊಮ್ಮಗಳು: ಸರಿ, ಇಟ್ಟುಕೊಂಡೆ ಎಂದಿಟ್ಟುಕೊಳ್ಳಿ. ಬೀಗ ಹಾಕಿಟ್ಟರೆ ಮುಗಿಯಿತೇ?

ಅಜ್ಜ: ಬೀಗ ಹಾಕಿ ಮರೆತರೆ ಎರಡೇ ಮಳೆಗಾಲದಲ್ಲಿ ಕೋವಿ ಹೋಯಿತು ಎಂದೇ ಲೆಕ್ಕ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿಯ ಗಾಳಿಯೇ ನೀರು. ಚರ್ಮದ ಚೀಲ ನೋಡಲು ಚೆಂದ, ಆದರೆ ಅದರಲ್ಲಿಡಬಾರದು. ಚರ್ಮ ತೇವ ಹಿಡಿಯುತ್ತದೆ, ಅದನ್ನು ಹದ ಮಾಡಿದ ಉಪ್ಪು ಉಕ್ಕನ್ನು ತಿನ್ನುತ್ತದೆ. ಬೆವರಿನ ಕೈಯಲ್ಲಿ ಮುಟ್ಟಿದರೆ ಬೆರಳಿನ ಗುರುತಿನಲ್ಲೇ ತುಕ್ಕು ಏಳುತ್ತದೆ. ಅದಕ್ಕೇ ಯಾರು ಮುಟ್ಟಿದರೂ ಆಮೇಲೆ ಎಣ್ಣೆಯ ಬಟ್ಟೆಯಿಂದ ಒರೆಸಬೇಕು. ಎಣ್ಣೆ ತೆಳ್ಳಗಿರಲಿ. ಹೆಚ್ಚಾದರೆ ಇಳಿದು ಮರದ ಹಿಡಿಗೆ ಸೇರಿ ಮರ ಮೆತ್ತಗಾಗುತ್ತದೆ, ಕಬ್ಬಿಣ ಹಿಡಿದ ಜಾಗದಲ್ಲೇ ಸೀಳುತ್ತದೆ. ನಳಿಗೆಯ ಬಾಯಿ ಕೆಳಗಿರುವಂತೆ ನಿಲ್ಲಿಸುವುದು ಅದಕ್ಕೇ. ಮರಕ್ಕೆ ವರ್ಷಕ್ಕೊಮ್ಮೆ ಅಗಸೆ ಎಣ್ಣೆ, ಅಂಗೈಯಿಂದ ಉಜ್ಜಿ, ಒಂದೆರಡು ಹನಿ ಸಾಕು. ಕುದುರೆ ಎತ್ತಿ ಖಾಲಿ ಹೊಡೆಯಬಾರದು. ಬಡಿಯುವ ಮೊನೆ ಮುರಿಯುತ್ತದೆ, ಹಳೆಯ ಸ್ಪ್ರಿಂಗಿಗೆ ಬದಲಿ ಸಿಗುವುದಿಲ್ಲ.

ಮೊಮ್ಮಗಳು: ಒಳಗೆ ಹಳೆಯ ಮದ್ದಿನ ಕಸ ಉಳಿದಿರುವುದಿಲ್ಲವೇ?

ಅಜ್ಜ: ಕರಿಮದ್ದು ಉರಿದ ಮೇಲೆ ಉಳಿಯುವ ಕಸ ನೀರನ್ನು ಎಳೆದುಕೊಳ್ಳುತ್ತದೆ. ಅದಕ್ಕೇ ನನ್ನ ಅಪ್ಪ ಈಡು ಹೊಡೆದ ದಿನವೇ ಬಿಸಿನೀರು ಹಾಕಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚದೆ ಊಟಕ್ಕೆ ಕೂರುತ್ತಿರಲಿಲ್ಲ. ಈ ನಳಿಗೆ ಇವತ್ತಿಗೂ ಒಳಗೆ ಹೊಳೆಯುತ್ತಿದ್ದರೆ ಅದು ಆ ಹಸಿದ ಸಂಜೆಗಳಿಂದ. ಇನ್ನೊಂದು ಮಾತು. ಹೊಸದರ ಹಾಗೆ ಕಾಣಲಿ ಎಂದು ಪಾಲಿಷ್ ಮಾಡಿಸಬೇಡ, ಬಣ್ಣ ಕೊಡಿಸಬೇಡ. ಹಿಡಿಯ ಎಡಗಡೆ ಮರ ಸವೆದು ನುಣುಪಾಗಿರುವುದು ಮೂರು ತಲೆಮಾರಿನ ಕೆನ್ನೆ ತಾಗಿ. ಉಜ್ಜಿಸಿದರೆ ಅದೇ ಹೋಗುತ್ತದೆ. ಏನಾದರೂ ಮುರಿದರೆ ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ಮಾತ್ರ ತೋರಿಸು.

ಮೊಮ್ಮಗಳು: ಮೂರು ತಲೆಮಾರು ಕೆನ್ನೆ ತಾಗಿಸಿ ಏನು ಮಾಡಿದರು ಎನ್ನುವುದನ್ನೂ ಹೇಳಬೇಕಲ್ಲ. ಪಡಸಾಲೆಯಲ್ಲಿ ಕಡವೆಯ ಕೊಂಬುಗಳಿವೆ. ಮುತ್ತಜ್ಜ ಹುಲಿ ಹೊಡೆದದ್ದು ಈ ಕೋವಿಯಿಂದಲೇ?

ಅಜ್ಜ: ಇದರಿಂದಲೇ. ಅವರಿಗೆ ನರಿ ಮಂಗಲವೂ ಆಯಿತು. ನಮ್ಮ ಮಾತಿನಲ್ಲಿ ನರಿ ಎಂದರೆ ಹುಲಿ. ಹುಲಿ ಕೊಂದವನನ್ನು ಮದುಮಗನ ಹಾಗೆ ಸಿಂಗರಿಸಿ ಕೂರಿಸಿ ಊರೇ ಬಂದು ಹರಸುತ್ತಿತ್ತು. ಆ ಕಾಲಕ್ಕೆ ಅದು ದೊಡ್ಡ ಮರ್ಯಾದೆ. ದನ ಕಟ್ಟಿದ ಕೊಟ್ಟಿಗೆಗೆ ಹುಲಿ ನುಗ್ಗುತ್ತಿದ್ದ ದಿನಗಳು. ಆದರೆ ಕೊಂದದ್ದೆಲ್ಲ ಕೊಟ್ಟಿಗೆ ಕಾಯಲು ಎಂದು ಹೇಳಿದರೆ ಸುಳ್ಳಾಗುತ್ತದೆ. ಗಮ್ಮತ್ತಿಗೆಂದು ಹೊಡೆದದ್ದೂ ಬಹಳ. ಕಾಡು ಬರಿದಾದದ್ದಕ್ಕೆ ಈ ಕೋವಿಯ ಪಾಲೂ ಇದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಮರುವರ್ಷ ಹುಲಿ ಯೋಜನೆ ಶುರುವಾದಾಗ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಸೇರಿತು. ನನ್ನ ಅಪ್ಪ ಆ ಹೊತ್ತಿಗೆ ಕೋವಿಯನ್ನು ಒರೆಸಿ ಒಳಗಿಟ್ಟರು. ಕಾನೂನಿಗೆ ಹೆದರಿ ಇಟ್ಟರೋ, ಮನಸ್ಸು ತಿರುಗಿ ಇಟ್ಟರೋ, ಅವರು ಬಾಯಿಬಿಟ್ಟು ಹೇಳಲಿಲ್ಲ. ಆಮೇಲೆ ತೆಗೆಯಲಿಲ್ಲ ಎನ್ನುವುದಷ್ಟೇ ನಾನು ಕಂಡದ್ದು. 2022ರ ಗಣತಿಯಲ್ಲಿ ಕರ್ನಾಟಕದಲ್ಲಿ 563 ಹುಲಿಗಳಿದ್ದವು. ಆ ಸಂಖ್ಯೆಯ ಹಿಂದೆ ಅರಣ್ಯದವರ ದುಡಿಮೆಯಿದೆ, ವಿಜ್ಞಾನಿಗಳ ದುಡಿಮೆಯಿದೆ. ಒಳಗಿಟ್ಟ ಮೇಲೆ ಮತ್ತೆ ಹೊರಬರದ ಕೋವಿಗಳೂ ಇವೆ.

ಮೊಮ್ಮಗಳು: ಈಗ ನನಗೆ ಉತ್ತರ ಸಿಗುತ್ತಿದೆ. ಇಷ್ಟು ಹೊತ್ತು ನಾನು ಅದನ್ನು ಕೆಲಸ ಕಳೆದುಕೊಂಡ ಆಯುಧ ಎಂದು ನೋಡುತ್ತಿದ್ದೆ. ನೀವು ಹೇಳುವುದು ಅದೊಂದು ಸಾಕ್ಷಿ ಎಂದು.

ಅಜ್ಜ: ಹೌದು, ಮತ್ತು ಸಾಕ್ಷಿ ಪೂರ್ತಿ ಹೇಳಬೇಕು. ಶೌರ್ಯದ್ದನ್ನಷ್ಟೇ ಹೇಳಿ ಕೊಂದದ್ದನ್ನು ನುಂಗಿಕೊಂಡರೆ ನಾವು ಉಳಿಸಿದ್ದು ಕೋವಿಯನ್ನಲ್ಲ, ಜಂಬವನ್ನು. ಹಾಗೆಯೇ ನಾಚಿಕೆಯಿಂದ ಒಡೆದು ಹಾಕಿದರೂ ಸತ್ಯ ಅಳಿಯುತ್ತದೆ. ಹೊಡೆದದ್ದು, ನಿಲ್ಲಿಸಿದ್ದು, ಎರಡೂ ಒಂದೇ ಕೋವಿಯಲ್ಲಿವೆ. ನಿಲ್ಲಿಸಿದ ಕಥೆಗೆ ಬೆಲೆ ಬರಬೇಕಾದರೆ ಹೊಡೆದ ಕೋವಿ ಕಣ್ಣೆದುರು ಇರಬೇಕು.

ಮೊಮ್ಮಗಳು: ಹಾಗಿದ್ದರೆ ತಲೆಯಲ್ಲಿ ಇಟ್ಟುಕೊಂಡರೆ ಸಾಲದು, ಬರೆದಿಡಬೇಕು. ನೀವು ಹೇಳಿ, ನಾನು ಬರೆಯುತ್ತೇನೆ. ಕೋವಿಯ ನಂಬರು, ನಳಿಗೆಯ ಮೇಲಿನ ಮುದ್ರೆಗಳ ಫೋಟೋ, ಯಾರಿಂದ ಯಾರಿಗೆ ಬಂತು, ಏನೇನು ಹೊಡೆದರು, ಯಾವಾಗ ನಿಲ್ಲಿಸಿದರು, ಎಲ್ಲವೂ.

ಅಜ್ಜ: ಅದರ ಮೊದಲ ಪುಟದಲ್ಲಿ ಇನ್ನೊಂದು ಸಾಲು ಬರಲಿ. ಈ ನಳಿಗೆ ಕರಿಮದ್ದಿನ ಕಾಲದ್ದು, ಇದರಲ್ಲಿ ಯಾವ ತೋಟೆಯನ್ನೂ ಹಾಕಬಾರದು ಎಂದು, ದಪ್ಪ ಅಕ್ಷರದಲ್ಲಿ. ನೀನೂ ನಾನೂ ಇಲ್ಲದ ಕಾಲದಲ್ಲಿ ಬೀಗ ತೆಗೆಯುವವನಿಗೆ ಅದೊಂದು ಗೊತ್ತಿದ್ದರೆ ಅವನ ಕೈ ಉಳಿಯುತ್ತದೆ.

ಮೊಮ್ಮಗಳು: ನನ್ನ ಕಡೆಯಿಂದ ಎರಡು ಷರತ್ತುಗಳಿವೆ. ಕೈಲ್ ಪೊಳ್ದಿನಂದು ಪೂಜೆಗೆ ಮೊದಲು ಆ ಪುಸ್ತಕವನ್ನು ಮಕ್ಕಳೆದುರು ಓದಬೇಕು. ಹುಲಿಯ ಪುಟವನ್ನೂ, 1861ರ ಪುಟವನ್ನೂ ಬಿಡುವಂತಿಲ್ಲ. ಮಕ್ಕಳು ಕೇಳುವ ಪ್ರಶ್ನೆಗೆ ‘ದೊಡ್ಡವರ ವಿಷಯ’ ಎಂದು ಬಾಯಿ ಮುಚ್ಚಿಸುವಂತಿಲ್ಲ.

ಅಜ್ಜ: ಒಪ್ಪಿದೆ. ಇನ್ನೊಂದು?

ಮೊಮ್ಮಗಳು: ನನ್ನ ಕೆಲಸ ದೂರದೂರಿಗೆ ಹೋದರೆ, ಇಲ್ಲವೇ ನನ್ನ ನಂತರ ಒರೆಸುವ ಕೈ, ಓದುವ ಬಾಯಿ ಮನೆಯಲ್ಲಿ ಇಲ್ಲವಾದರೆ, ಕೋವಿ ಮ್ಯೂಸಿಯಂಗೆ ಹೋಗಬೇಕು. ಪುಸ್ತಕವೂ ಅದರ ಜೊತೆಗೆ ಹೋಗಬೇಕು. ಮನೆತನದ ಮಾನ ಎಂದು ಯಾರೂ ಅಡ್ಡ ಬರಬಾರದು. ಇದನ್ನು ನೀವೇ ನಿಮ್ಮ ಕೈಯಾರೆ ಬರೆದು ಸಹಿ ಹಾಕಬೇಕು.

ಅಜ್ಜ: ಹಾಕುತ್ತೇನೆ. ಮನೆತನದ ಕೋವಿಯನ್ನು ಹೆಣ್ಣುಮಗಳಿಗೆ ಕೊಡುವುದೇ ಎಂದು ಇಬ್ಬರು ಮೂವರು ಕೇಳಿದ್ದರು. ಕಾಗದದಲ್ಲಿರುವ ವಿನಾಯಿತಿ ಗಂಡು ಹೆಣ್ಣು ಎಂದು ಭೇದ ಮಾಡಿಲ್ಲ, ಕೈಲ್ ಪೊಳ್ದಿನ ತೆಂಗಿನಕಾಯಿಗೆ ಹೆಣ್ಣುಮಕ್ಕಳೂ ಗುರಿ ಇಡುತ್ತಾರೆ ಎಂದು ಅವರಿಗೆ ಹೇಳಿದ್ದೆ. ಇನ್ನು ಕೇಳಿದರೆ ನಿನ್ನ ಎರಡು ಷರತ್ತುಗಳನ್ನು ಹೇಳುತ್ತೇನೆ. ಕೋವಿ ಕೊಡಿ ಎಂದು ಕೇಳಿದವರಲ್ಲಿ ಅದನ್ನು ಯಾವಾಗ ಬಿಟ್ಟುಕೊಡಬೇಕು ಎಂದು ಮೊದಲೇ ಯೋಚಿಸಿದವಳು ನೀನೊಬ್ಬಳೇ. ನಾಳೆ ಜಿಲ್ಲಾಧಿಕಾರಿ ಕಚೇರಿಗೆ ಹೋಗಿ ನಿನ್ನ ಹೆಸರಿಗೆ ಮಾಡಿಸಲು ಯಾವ ಕಾಗದ ಬೇಕು ಎಂದು ವಿಚಾರಿಸೋಣ. ಬರೆಯುವ ಕೆಲಸವನ್ನು ಇವತ್ತೇ ಶುರು ಮಾಡು, ಮುದ್ರೆಗಳಿಂದ.